ಮಗಳು ಗ್ವಾಟೆಮಾಲಾಗೆ ಒಲೆ ಕಟ್ಟಲು ಹೊರಟಿದ್ದಾಳೆ, ಕಳಿಸಬಹುದಾ?

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದ್ದೇವೆ. ಮಗಳಿಗೆ 17 ವರ್ಷ. ಅವಳ ಗೆಳತಿಯ ಚರ್ಚ್‌ನವರು ಬರುವ ಜೂನ್‌ನಲ್ಲಿ ಹೈಸ್ಕೂಲ್ ಮಕ್ಕಳ ಒಂದು ತಂಡವನ್ನು ಎಂಟು ದಿನಕ್ಕೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಮಿಷನ್ ಟ್ರಿಪ್ ಅಂತಾರೆ. ಬೆಟ್ಟದ ಹಳ್ಳಿಗಳ ಬಡ ಕುಟುಂಬಗಳಿಗೆ ಹೊಗೆ ಕೊಳವೆ ಇರುವ ಒಲೆ ಕಟ್ಟಿಕೊಡುತ್ತಾರಂತೆ. ತಲೆಗೆ ಎರಡು ಸಾವಿರ ಡಾಲರ್‌ಗೂ ಜಾಸ್ತಿ ಖರ್ಚು. ನಮ್ಮ ಯಜಮಾನರು "ಆ ದುಡ್ಡನ್ನೇ ಕಳಿಸಿದರೆ ಅಲ್ಲಿನವರೇ ಕಟ್ಟಿಕೊಳ್ಳುತ್ತಾರೆ" ಅಂತಾರೆ. ಮತಪ್ರಚಾರದ ಭಯವೂ ನಮಗಿದೆ. ಆದರೆ ಮಗಳು ಹಟ ಹಿಡಿದಿದ್ದಾಳೆ. ಹಾಸನದ ಹಳ್ಳಿಯಲ್ಲಿ ನಮ್ಮತ್ತೆ ಜೀವನಪೂರ್ತಿ ಸೌದೆ ಒಲೆ ಊದಿದವರು. ಅದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. ನೀವು ಹಳ್ಳಿ ಒಲೆಗಳ ವಿಷಯದಲ್ಲಿ ಕೆಲಸ ಮಾಡಿದವರು. ಏನು ಮಾಡೋಣ ಹೇಳಿ.

ಉತ್ತರ: ನೇರವಾಗಿ ಹೇಳುತ್ತೇನೆ. ಆಯೋಜಕರಿಗೆ ಒಂದೇ ಪ್ರಶ್ನೆ ಬರೆದು ಕಳಿಸಿ. "ನಮ್ಮ ಮಕ್ಕಳು ಒಲೆ ಕಟ್ಟಿ ಬಂದ ಮೇಲೆ, ಮುಂದಿನ ವರ್ಷ ಅದೇ ಮನೆಗೆ ಹೋಗಿ ಒಲೆ ನೋಡುವವರು ಯಾರು?" ಆ ಊರಿನ ಇಂಥ ಮೇಸ್ತ್ರಿ, ಇಂಥ ಕಾರ್ಯಕರ್ತೆ ಅಂತ ಹೆಸರು ಹಿಡಿದು ಉತ್ತರ ಬಂದರೆ ಮಗಳನ್ನು ಧೈರ್ಯವಾಗಿ ಕಳಿಸಿ. "ಮುಂದಿನ ವರ್ಷ ಬೇರೆ ತಂಡ ಬೇರೆ ಹಳ್ಳಿಗೆ ಹೋಗುತ್ತೆ" ಅಂತ ಉತ್ತರ ಬಂದರೆ ಕಳಿಸಬೇಡಿ. ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ಕಾರಣ ಇದೆ.

ಒಲೆಯ ಕೆಲಸ ದೊಡ್ಡ ಕೆಲಸ. ಅದರಲ್ಲಿ ನನಗೆ ಅನುಮಾನ ಇಲ್ಲ. ಗ್ವಾಟೆಮಾಲಾದ ಪಶ್ಚಿಮದ ಬೆಟ್ಟಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಡುಗೆ ಆಗುವುದು ನೆಲದ ಮೇಲೆ ಮೂರು ಕಲ್ಲಿಟ್ಟು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು, ತೊಳೆದು ಅರೆಯಬೇಕು, ಹೆಂಚಿನ ಮೇಲೆ ಟೋರ್ಟಿಯಾ ಅನ್ನುವ ರೊಟ್ಟಿ ಸುಡಬೇಕು. ಕಪ್ಪು ಬೀನ್ಸ್ ಕಾಳು ಬೇಯಲು ಇನ್ನಷ್ಟು ಹೊತ್ತು. ಊರುಗಳು ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿವೆ, ಚಳಿ ಜಾಸ್ತಿ. ಹಾಗಾಗಿ ಬಾಗಿಲು ಮುಚ್ಚಿರುತ್ತೆ. ಎದೆಗೂಸು ಅಮ್ಮನ ಬೆನ್ನ ಮೇಲೆ ಬಟ್ಟೆಯಲ್ಲಿ ಕಟ್ಟಿಕೊಂಡು ಒಲೆ ಮುಂದೆಯೇ ಇರುತ್ತೆ. ಆ ಹೊಗೆ ಅದರ ಪುಟ್ಟ ಎದೆಗೂ ಹೋಗುತ್ತೆ.

ಇದನ್ನು ಸರಿಯಾಗಿ ಅಳೆದು ನೋಡಿದ್ದು ಅದೇ ನಾಡಿನಲ್ಲಿ. 2002ರಿಂದ 2004ರವರೆಗೆ ಸಾನ್ ಮಾರ್ಕೋಸ್ ಪ್ರಾಂತ್ಯದ ಹಳ್ಳಿಗಳಲ್ಲಿ 534 ಮನೆಗಳನ್ನು ತೆಗೆದುಕೊಂಡು ರೆಸ್ಪೈರ್ ಅನ್ನುವ ಅಧ್ಯಯನ ನಡೆಯಿತು. ಮುಂದೆ ನಿಂತವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕರ್ಕ್ ಸ್ಮಿತ್. ಇವರು 1980ರ ದಶಕದ ಶುರುವಿನಲ್ಲೇ ಗುಜರಾತಿನ ಹಳ್ಳಿ ಅಡುಗೆಮನೆಗಳಲ್ಲಿ ಹೊಗೆ ಅಳೆದವರು. ಸಾನ್ ಮಾರ್ಕೋಸ್‌ನಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಮನೆಗಳಿಗೆ ಪ್ಲಾಂಚಾ ಒಲೆ ಕೊಟ್ಟರು. ಉಳಿದ ಮನೆಗಳಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಇಟ್ಟಿಗೆಯ ಕಟ್ಟೆ, ಮೇಲೆ ದಪ್ಪ ಕಬ್ಬಿಣದ ಹಲಗೆ, ಹಿಂದೆ ತಗಡಿನ ಹೊಗೆ ಕೊಳವೆ, ಇಷ್ಟೇ ಪ್ಲಾಂಚಾ. 2011ರಲ್ಲಿ ಫಲಿತಾಂಶ ಬಂತು. ಮಕ್ಕಳಿಗೆ ತಾಗುವ ಹೊಗೆ ಸರಾಸರಿ ಅರ್ಧಕ್ಕೆ ಇಳಿದಿತ್ತು. ಎಲ್ಲ ನ್ಯುಮೋನಿಯಾವನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಇಳಿಕೆ ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ. ಆದರೆ ಜೀವಕ್ಕೆ ಕುತ್ತು ತರುವ ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗಿತ್ತು. ಒಂದು ಇಟ್ಟಿಗೆ ಒಲೆಗೆ ಇದು ಸಣ್ಣ ಸಾಧನೆ ಅಲ್ಲ.

ಆದರೆ ಆ ಅಧ್ಯಯನದಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಕಾರ್ಯಕರ್ತರು ಪ್ರತಿ ವಾರ ಆ ಮನೆಗಳಿಗೆ ಹೋಗುತ್ತಿದ್ದರು. ಒಲೆ ಕೆಟ್ಟಿದ್ದರೆ ರಿಪೇರಿ ಆಗುತ್ತಿತ್ತು. ಅಂದರೆ ನಾವು ನೋಡಿದ ಫಲ ಒಲೆಯದ್ದು ಮಾತ್ರ ಅಲ್ಲ, ಒಲೆಯ ಜೊತೆ ಆ ವಾರದ ಭೇಟಿಯದ್ದೂ ಹೌದು.

ಭೇಟಿ ಇಲ್ಲದಿದ್ದರೆ ಏನಾಗುತ್ತೆ? ಅದಕ್ಕೂ ಉತ್ತರ ಇದೆ, ನಮ್ಮ ಒಡಿಶಾದಿಂದಲೇ. 44 ಹಳ್ಳಿಗಳ ಸುಮಾರು 2,600 ಕುಟುಂಬಗಳನ್ನು ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷದವರೆಗೆ ಗಮನಿಸಿದರು. ಅಲ್ಲೂ ಕೊಳವೆ ಒಲೆಯೇ. ಮೊದಲ ವರ್ಷ ಹೆಂಗಸರ ಒಳಗೆ ಹೋಗುವ ಹೊಗೆ ಕಡಿಮೆ ಆಯಿತು. ಆಮೇಲಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಕಾರಣ ಸರಳ. ಒಲೆ ಬಿರುಕು ಬಿಟ್ಟಿತ್ತು, ಕೊಳವೆ ಕಟ್ಟಿಕೊಂಡಿತ್ತು, ಸರಿ ಮಾಡುವವರು ಇರಲಿಲ್ಲ. ಜನ ಹಳೆಯ ಒಲೆಗೇ ಮರಳಿದ್ದರು. ಇದೇ ಕಥೆ ನಮ್ಮ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದ್ದೂ. 1980ರ ದಶಕದಲ್ಲಿ ಶುರುವಾಗಿ ದೇಶದ ತುಂಬ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿ 2002ರಲ್ಲಿ ನಿಂತುಹೋಯಿತು. ಎಷ್ಟು ಒಲೆ ಕಟ್ಟಿದೆವು ಅನ್ನುವ ಲೆಕ್ಕ ಪುಸ್ತಕದಲ್ಲಿತ್ತು. ಎಷ್ಟು ಉರಿಯುತ್ತಿವೆ ಅಂತ ಕೇಳುವವರು ಕಡಿಮೆ ಇದ್ದರು.

ನಿಮ್ಮ ಮಗಳಿಗೆ ಇದನ್ನು ಬಿಡಿಸಿ ಹೇಳಿ. ಕೊಳವೆ ಒಲೆ ಅನ್ನುವುದು ಗಾಳಿಯ ಎಳೆತದ ಮೇಲೆ ನಡೆಯುವ ವಸ್ತು. ಬಿಸಿ ಹೊಗೆ ಮೇಲಕ್ಕೆ ಏರುತ್ತೆ, ಅದರ ಹಿಂದೆ ಒಲೆ ಬಾಯಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ. ಬೆರಳು ಹೋಗುವಷ್ಟು ಬಿರುಕು ಬಿದ್ದರೂ ಎಳೆತ ಕೆಡುತ್ತೆ. ಗ್ವಾಟೆಮಾಲಾದಲ್ಲಿ ಬೆಂಕಿ ಹೊತ್ತಿಸಲು ರಾಳ ತುಂಬಿದ ಪೈನ್ ಚಕ್ಕೆ ಬಳಸುತ್ತಾರೆ. ಬೇಗ ಹೊತ್ತುತ್ತೆ, ಆದರೆ ಮಸಿ ಜಾಸ್ತಿ. ಆ ಮಸಿ ಕೊಳವೆಯ ಒಳಗೆ ಅಂಟಿ ದಾರಿ ಕಿರಿದಾಗುತ್ತೆ. ಆಗ ಹೊಗೆ ಒಲೆ ಬಾಯಿಂದಲೇ ವಾಪಸ್ ಬರುತ್ತೆ. ಕೊಳವೆ ಬಿಚ್ಚಿ, ತಟ್ಟಿ, ಮತ್ತೆ ಜೋಡಿಸುವುದು ಕಷ್ಟದ ಕೆಲಸ ಅಲ್ಲ. ಆದರೆ ಯಾರಾದರೂ ತೋರಿಸಿಕೊಟ್ಟಿರಬೇಕು. ತಗಡು ತುಕ್ಕು ಹಿಡಿದಾಗ ಹೊಸ ತುಂಡು ಹತ್ತಿರದ ಸಂತೆಯಲ್ಲಿ ಸಿಗಬೇಕು.

ಇನ್ನೊಂದು ಮಾತು. ಒಲೆ ಬದಲಾದರೆ ಅಡುಗೆಯವಳ ದಿನವೂ ಬದಲಾಗುತ್ತೆ. ಹೊಸ ಒಲೆಯ ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವವರು ಯಾರು? ಹಬ್ಬಕ್ಕೆ ತಮಾಲೆ (ಎಲೆಯಲ್ಲಿ ಸುತ್ತಿ ಬೇಯಿಸುವ ಮೆಕ್ಕೆಜೋಳದ ಹಿಟ್ಟಿನ ತಿನಿಸು) ಬೇಯಿಸುವ ದೊಡ್ಡ ಪಾತ್ರೆ ಆ ಹಲಗೆಯ ಮೇಲೆ ಕೂರುವುದಿಲ್ಲ. ಮೂರು ಕಲ್ಲಿನ ಬೆಂಕಿ ಮನೆಯವರಿಗೆ ಚಳಿ ಕಾಯಿಸಿಕೊಳ್ಳುವ ಜಾಗವೂ ಆಗಿತ್ತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೊಸ ಒಲೆಯ ಪಕ್ಕದಲ್ಲಿ ಹಳೆಯದೂ ಉಳಿದಿರುತ್ತೆ. ಅದನ್ನು ಕಂಡು ಬೇಸರ ಪಡಬಾರದು. ನಮ್ಮಲ್ಲೂ ಗ್ಯಾಸ್ ಬಂದ ಮೇಲೆ ಮಲೆನಾಡಿನ ಮನೆಗಳು ಬಚ್ಚಲೊಲೆ ಬಿಟ್ಟವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಗ್ರಾಮೀಣ ತಂತ್ರಜ್ಞಾನಕ್ಕೆ ಅಂತಲೇ ಅಸ್ತ್ರ ಕೇಂದ್ರ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೆಲಸ ನಡೆಯಿತು. ಆ ಕೇಂದ್ರದವರು ರೂಪಿಸಿದ, ಸೌದೆ ಉಳಿಸುವ ಅಸ್ತ್ರ ಒಲೆಯ ಬಗ್ಗೆ ನೀವೂ ಕೇಳಿರುತ್ತೀರಿ, ನಿಮ್ಮತ್ತೆಯವರಂತೂ ಖಂಡಿತ ಕೇಳಿರುತ್ತಾರೆ. ಆಮೇಲೆ ಬೆಂಗಳೂರಿನ ಟೈಡ್ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೇ 'ಸರಳ' ಅನ್ನುವ ಹೆಸರಿನ ಒಲೆ ಕಟ್ಟುವುದನ್ನು ಕಲಿಸಿತು. ಇದು ನನಗೆ ಬಹಳ ಹಿಡಿಸಿದ ದಾರಿ. ಕಟ್ಟಿದವಳು ಸುತ್ತಮುತ್ತಲಿನ ಊರಿನವಳೇ ಆದರೆ ಒಲೆ ಕೆಟ್ಟ ದಿನ ಅವಳನ್ನು ಕೂಗಬಹುದು. ಜೊತೆಗೆ ಅವಳಿಗೆ ಅದು ಸಂಪಾದನೆ. ಗ್ವಾಟೆಮಾಲಾಗೂ ಇದು ಹೊಸದಲ್ಲ. 1976ರ ಫೆಬ್ರವರಿ 4ರ ಭೂಕಂಪದಲ್ಲಿ ಸುಮಾರು 23,000 ಜನ ಸತ್ತರು. ಮನೆಗಳನ್ನು ಮತ್ತೆ ಕಟ್ಟುವ ಆ ವರ್ಷಗಳಲ್ಲೇ ಮಣ್ಣು ಮರಳಿನ ಲೊರೇನಾ ಒಲೆ ಅಲ್ಲಿ ಹುಟ್ಟಿತು, ಅಲ್ಲಿಂದ ಬೇರೆ ದೇಶಗಳಿಗೂ ಹೋಯಿತು. ಅಂದರೆ ಒಲೆ ಕಟ್ಟಲು ಬರುವ ಕೈಗಳು ಅಲ್ಲಿ ಬೇಕಾದಷ್ಟಿವೆ. ನಾರ್ತ್ ಕೆರೊಲಿನಾದಿಂದ ಇಟ್ಟಿಗೆ ಹೊರಲು ಯಾರೂ ಹೋಗಬೇಕಾಗಿಲ್ಲ.

ಇಲ್ಲಿ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ತೂಕ ಇದೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಪಕ್ಕದ ಹೊಂಡುರಾಸ್ ದೇಶವನ್ನು ನುಚ್ಚುನೂರು ಮಾಡಿತು. ಮನೆ ಕಟ್ಟಿಕೊಡಲು ಅಮೆರಿಕದಿಂದ ಚರ್ಚ್ ತಂಡಗಳು ಸಾಲುಸಾಲಾಗಿ ಬಂದವು. ಕರ್ಟ್ ವೆರ್ ಬೀಕ್ ಅನ್ನುವ ಸಮಾಜಶಾಸ್ತ್ರಜ್ಞರು ಹೊಂಡುರಾಸ್‌ನಲ್ಲೇ ನೆಲೆಸಿದವರು, ಸ್ವತಃ ಕ್ರೈಸ್ತ ಕಾಲೇಜಿನ ಅಧ್ಯಾಪಕರಾಗಿದ್ದವರು. ಅವರು ಆ ಮನೆಗಳನ್ನೂ, ಸ್ಥಳೀಯ ಸಂಸ್ಥೆಗಳು ಕಟ್ಟಿದ ಮನೆಗಳನ್ನೂ ಹೋಲಿಸಿ ನೋಡಿದರು. ಸ್ಥಳೀಯರು ಕಟ್ಟಿದ ಮನೆಗೆ ಸುಮಾರು 2,000 ಡಾಲರ್. ಹೊರಗಿನ ತಂಡದ ವಿಮಾನ, ಊಟ, ವಸತಿ ಎಲ್ಲ ಸೇರಿಸಿದರೆ ಅವರು ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್. ಮನೆಯೊಳಗೆ ಇರುವ ಕುಟುಂಬದ ಬಾಳಿನಲ್ಲಿ ಮಾತ್ರ ಯಾರು ಕಟ್ಟಿದರು ಅನ್ನುವುದರಿಂದ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ದುಡ್ಡೇ ಕಳಿಸಿಬಿಡೋಣ ಅಂತೀರಾ? ಕಳಿಸುವ ಮನಸ್ಸು ಇದ್ದರೆ ಬಹಳ ಒಳ್ಳೆಯದು, ಇವತ್ತೇ ಕಳಿಸಿ. ಆದರೆ ಸತ್ಯ ಹೇಳಬೇಕು ಅಂದರೆ, ಪ್ರಯಾಣ ರದ್ದಾದರೆ ಆ ದುಡ್ಡು ಹೆಚ್ಚಿನ ಮನೆಗಳಲ್ಲಿ ಗ್ವಾಟೆಮಾಲಾಗೆ ಹೋಗುವುದಿಲ್ಲ, ಬೇರೆ ಖರ್ಚಿಗೆ ಹೋಗುತ್ತೆ. ಆದ್ದರಿಂದ ಪ್ರಯಾಣದ ಖರ್ಚನ್ನು ಒಲೆಯ ಲೆಕ್ಕಕ್ಕೆ ಹಾಕಬೇಡಿ. ಅದು ನಿಮ್ಮ ಮಗಳ ಕಲಿಕೆಯ ಖರ್ಚು. ಆ ಲೆಕ್ಕದಲ್ಲಿ ನಿಮಗೆ ಸರಿ ಅನ್ನಿಸಿದರೆ ಮಾತ್ರ ಕೊಡಿ. ಒಲೆಯ ಲೆಕ್ಕ ಬೇರೆ. ಆಯೋಜಕರು ವಸೂಲು ಮಾಡಿದ ಹಣದಲ್ಲಿ ಒಲೆ ಸಾಮಾನಿಗೆ ಎಷ್ಟು, ಊರಿನ ಮೇಸ್ತ್ರಿಯ ಕೂಲಿಗೆ ಎಷ್ಟು, ಆಮೇಲಿನ ಭೇಟಿಗಳಿಗೆ ಎಷ್ಟು ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆ ಇಷ್ಟವಾಗುತ್ತೆ. ಮೇಸ್ತ್ರಿ ಮುಂದೆ ನಿಂತು ಕಟ್ಟಬೇಕು, ಕೂಲಿ ತೆಗೆದುಕೊಳ್ಳಬೇಕು, ಮಕ್ಕಳು ಅವನ ಕೈ ಕೆಳಗೆ ಗಾರೆ ಕಲಸಬೇಕು. ಮಕ್ಕಳೇ ಕಟ್ಟಿ ಮೇಸ್ತ್ರಿ ಸುಮ್ನೆ ನೋಡುತ್ತಾ ನಿಂತರೆ ಆ ಒಲೆ ಹೇಗಿರುತ್ತೆ ಅಂತ ನನಗೆ ಗೊತ್ತು.

ಮತಪ್ರಚಾರದ ಬಗ್ಗೆ ನಿಮ್ಮ ಆತಂಕವನ್ನು ನಾನು ಸುಮ್ಮನೆ ತಳ್ಳಿಹಾಕುವುದಿಲ್ಲ. ಆದರೆ ಅದನ್ನು ನಿಮ್ಮ ಮಗಳ ಕಡೆಯಿಂದಲ್ಲ, ಆ ಹಳ್ಳಿಯವರ ಕಡೆಯಿಂದ ಮೊದಲು ನೋಡಿ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಸತ್ಯಶೋಧನಾ ಆಯೋಗದ ಅಂದಾಜಿನಲ್ಲಿ ಸತ್ತವರು, ಕಾಣೆಯಾದವರು ಸೇರಿ ಸುಮಾರು ಎರಡು ಲಕ್ಷ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಸಮುದಾಯದವರು. ಅತಿ ಘೋರ ಹತ್ಯೆಗಳು ನಡೆದ ಕಾಲದಲ್ಲಿ, 1982–83ರಲ್ಲಿ, ಅಧಿಕಾರದಲ್ಲಿದ್ದವರು ಜನರಲ್ ಎಫ್ರೈನ್ ರಿಯೋಸ್ ಮೋಂಟ್. ಅಮೆರಿಕದ ನಂಟಿದ್ದ ಒಂದು ಇವ್ಯಾಂಜೆಲಿಕಲ್ (ಮತಪ್ರಚಾರಕ್ಕೆ ಒತ್ತು ಕೊಡುವ ಪ್ರಾಟೆಸ್ಟೆಂಟ್) ಚರ್ಚ್‌ನ ಸದಸ್ಯರು. ಅವರ ಸೇನೆಯ ಯೋಜನೆಯ ಹೆಸರೇ 'ಬಂದೂಕು ಮತ್ತು ಬೀನ್ಸ್'. ಅಂದರೆ ಸೇನೆಯ ಜೊತೆ ಇದ್ದವರಿಗೆ ಊಟ, ಇಲ್ಲದವರಿಗೆ ಗುಂಡು. ಕೊಡುವ ಕೈ ಏನು ಕೇಳುತ್ತೆ ಅಂತ ಆ ಬೆಟ್ಟದ ಅಜ್ಜಿಯರು ಇವತ್ತಿಗೂ ಅಳೆದು ನೋಡುತ್ತಾರೆ. ಅದು ಅವರ ಹಕ್ಕು.

ಅದೇ ನೆಲದಲ್ಲಿ ಬೇರೆ ತರಹದ ಮಿಷನರಿಯೂ ಇದ್ದರು. ಓಕ್ಲಹೋಮಾದ ಪಾದ್ರಿ ಸ್ಟಾನ್ಲಿ ರಾದರ್ 1968ರಲ್ಲಿ ಸಾಂತಿಯಾಗೊ ಅತಿತ್ಲಾನ್‌ಗೆ ಹೋದರು. ಅಲ್ಲಿನ ಚುತುಹೀಲ್ ಭಾಷೆ ಕಲಿತರು, ಜನರ ಜೊತೆ ಹೊಲದಲ್ಲಿ ದುಡಿದರು. ಕೊಲೆ ಪಟ್ಟಿಯಲ್ಲಿ ಹೆಸರಿದೆ ಅಂತ ಗೊತ್ತಾಗಿ ಊರಿಗೆ ಹೋದವರು ಮತ್ತೆ ವಾಪಸ್ ಬಂದರು. 1981ರ ಜುಲೈ 28ರಂದು ಅವರನ್ನು ಚರ್ಚ್‌ನ ಮನೆಯಲ್ಲೇ ಕೊಂದರು. ಹೀಗಾಗಿ ಚರ್ಚ್ ಅಂದ ಕೂಡಲೇ ಬೇಡ ಅನ್ನಬೇಡಿ. ಕೇಳಬೇಕಾದ್ದು ಇದು: ಒಲೆ ಪಡೆಯುವ ಕುಟುಂಬಗಳನ್ನು ಯಾರು ಆರಿಸುತ್ತಾರೆ? ಊರಿನ ಸಮಿತಿಯಾ, ಚರ್ಚಾ? ಬೇರೆ ನಂಬಿಕೆಯ ಮನೆಗೂ ಒಲೆ ಸಿಗುತ್ತಾ? ಒಲೆ ಕೊಡುವ ಹೊತ್ತಲ್ಲಿ ಪ್ರಾರ್ಥನೆಗೆ ಕೂರಲೇಬೇಕಾ? ರೆಡ್ ಕ್ರಾಸ್ ಮತ್ತಿತರ ಸಂಸ್ಥೆಗಳು 1994ರಲ್ಲೇ ಒಪ್ಪಿಕೊಂಡ ನೀತಿಸಂಹಿತೆ ಇದೆ. ನೆರವನ್ನು ಧರ್ಮ, ರಾಜಕೀಯ ಬೆಳೆಸಲು ಬಳಸಬಾರದು ಅಂತ. ಅದನ್ನು ಪಾಲಿಸುತ್ತೀರಾ ಅಂತ ನೇರ ಕೇಳಿ. ನಿಮ್ಮ ಮಗಳು ಸಂಜೆಯ ಪ್ರಾರ್ಥನೆಯಲ್ಲಿ ಕೂರಬೇಕೋ ಬೇಡವೋ ಅನ್ನುವುದನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಷ್ಟಾದರೆ ಸಾಕು.

ಫೋಟೋ ವಿಷಯ ಸಣ್ಣದು ಅನ್ನಿಸಬಹುದು. ಅಲ್ಲ. 2000ನೇ ಇಸವಿ ಏಪ್ರಿಲ್‌ನಲ್ಲಿ ತೋದೋಸ್ ಸಾಂತೋಸ್ ಕುಚುಮತಾನ್ ಅನ್ನುವ ಬೆಟ್ಟದ ಊರಲ್ಲಿ ಒಬ್ಬ ಜಪಾನಿ ಪ್ರವಾಸಿಯನ್ನೂ ಅವರ ಜೊತೆಗಿದ್ದ ಬಸ್ ಚಾಲಕರನ್ನೂ ಗುಂಪು ಕೊಂದುಹಾಕಿತು. ವಿದೇಶಿಯರು ಮಕ್ಕಳನ್ನು ಕದಿಯಲು ಬರುತ್ತಾರೆ ಅನ್ನುವ ಗಾಳಿಮಾತು ಹಬ್ಬಿತ್ತು. ಆ ಕಾಲದಲ್ಲಿ ಗ್ವಾಟೆಮಾಲಾದಿಂದ ಸಾವಿರಾರು ಮಕ್ಕಳು ದತ್ತು ಹೆಸರಲ್ಲಿ ಹೊರದೇಶಕ್ಕೆ ಹೋಗುತ್ತಿದ್ದರು, ಅದರಲ್ಲಿ ಮೋಸವೂ ಇತ್ತು. 2007ರ ಕೊನೆಯಲ್ಲಿ ಹೊಸ ಕಾನೂನು ಬಂದು ಅದಕ್ಕೆ ಕಡಿವಾಣ ಬಿತ್ತು. ಭಯ ಮಾತ್ರ ಬೇಗ ಹೋಗುವುದಿಲ್ಲ. ಮಗಳಿಗೆ ಕಟ್ಟುನಿಟ್ಟಾಗಿ ಹೇಳಿ: ಮಕ್ಕಳ ಫೋಟೋ ತೆಗೆಯಬಾರದು, ಕೇಳದೆ ಎತ್ತಿಕೊಳ್ಳಬಾರದು, ಚಾಕೊಲೇಟ್ ಹಂಚಬಾರದು. ಮಸಿ ಹಿಡಿದ ಅಡುಗೆಮನೆಯ ಚಿತ್ರ ಇನ್‌ಸ್ಟಾಗ್ರಾಮ್‌ಗೆ ಹಾಕಬಾರದು. ಅದು ಒಬ್ಬ ಗೃಹಿಣಿಯ ಅಡುಗೆಮನೆ. ನಿಮ್ಮತ್ತೆಯವರ ಅಡುಗೆಮನೆಯನ್ನು ಹಾಗೆ ಹಾಕಿದರೆ ನಿಮಗೆ ಹೇಗಾಗುತ್ತೆ? ಪ್ರವಾಸದ ಪಟ್ಟಿಯಲ್ಲಿ ಅನಾಥಾಶ್ರಮದ ಭೇಟಿ ಇದ್ದರೆ ಅದನ್ನು ತೆಗೆಸಿ. ವೈದ್ಯಕೀಯ ಶಿಬಿರ ಅಂತ ಹೈಸ್ಕೂಲ್ ಮಕ್ಕಳ ಕೈಗೆ ಸೂಜಿ ಕೊಡುವ ಕಡೆಗಂತೂ ತಲೆ ಹಾಕಬೇಡಿ.

ಜೂನ್ ತಿಂಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಬೆಟ್ಟದ ರಸ್ತೆ ಕುಸಿಯುತ್ತೆ, ಗಾರೆ ಒಣಗಲು ಹೆಚ್ಚು ದಿನ ಬೇಕು. ಹಸಿ ಒಲೆಗೆ ಬೆಂಕಿ ಹಾಕಿದರೆ ಬಿರುಕು ಗ್ಯಾರಂಟಿ. ಇನ್ನೂ ಮುಖ್ಯ ಸಂಗತಿ, ಆ ತಿಂಗಳು ಬಡವರ ಮನೆಯಲ್ಲಿ ಹೋದ ವರ್ಷದ ಮೆಕ್ಕೆಜೋಳ ಮುಗಿಯುತ್ತಾ ಬಂದಿರುತ್ತೆ, ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತೆ. 2014–15ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 46ಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಂಥ ಮನೆಯಲ್ಲೂ ಅತಿಥಿಗೆ ಊಟ ಹಾಕದೆ ಕಳಿಸುವುದಿಲ್ಲ. ನಮ್ಮ ಹಳ್ಳಿಯವರ ಹಾಗೆಯೇ. ತಂಡದ ಊಟದ ವ್ಯವಸ್ಥೆ ಯಾರದ್ದು ಅಂತ ಕೇಳಿ. ಆ ಮನೆಯಾಕೆ ಅಡುಗೆ ಮಾಡಿಕೊಡುವುದಾದರೆ ಸಾಮಾನಿನ ದುಡ್ಡೂ ಕೆಲಸದ ದುಡ್ಡೂ ಅವರ ಕೈಗೆ ಸೇರಬೇಕು. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗೆ ವೈದ್ಯರನ್ನು ಒಂದೆರಡು ತಿಂಗಳು ಮೊದಲೇ ಕಾಣಿ.

ಇನ್ನು ನಿಮ್ಮ ಮಗಳ ವಿಷಯ. ಅವಳ ಹಟದ ಹಿಂದೆ ಅಜ್ಜಿಯ ಒಲೆ ಇದೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಹೊರಡುವ ಮೊದಲು ಅಜ್ಜಿಗೆ ಫೋನ್ ಮಾಡಿ ಕೇಳಲಿ. ಬೆಳಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಿದ್ದರು, ಸೌದೆ ಯಾರು ತರುತ್ತಿದ್ದರು, ಮಳೆಗಾಲದಲ್ಲಿ ಹಸಿ ಸೌದೆಗೆ ಏನು ಮಾಡುತ್ತಿದ್ದರು, ಗ್ಯಾಸ್ ಬಂದ ಮೇಲೂ ಯಾವ ಅಡುಗೆಗೆ ಸೌದೆ ಒಲೆಯೇ ಬೇಕು ಅನ್ನಿಸಿತು. ಅದೇ ಪ್ರಶ್ನೆಗಳನ್ನು ಗ್ವಾಟೆಮಾಲಾದ ಅಡುಗೆಮನೆಯಲ್ಲಿ ಕೇಳಿದರೆ ಬೇರೆಯವರಿಗೆ ಸಿಗದ ಉತ್ತರ ಅವಳಿಗೆ ಸಿಗುತ್ತೆ. ಹೆಣ್ಣುಮಗಳು ಅನ್ನುವ ಕಾರಣಕ್ಕೆ ಒಲೆ ಹತ್ತಿರ ಕೂರಲು ಜಾಗವೂ ಸಿಗುತ್ತೆ. ಸ್ಪ್ಯಾನಿಷ್ ಕಲಿಯಲಿ, ಆದರೆ ಅದೊಂದೇ ಸಾಲದು ಅಂತ ತಿಳಿದಿರಲಿ. ಗ್ವಾಟೆಮಾಲಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. ಮನೆಯ ಹಿರಿಯ ಹೆಂಗಸರು ಮಾಮ್ ಅಥವಾ ಕಕ್ಚಿಕೆಲ್ ಮಾತ್ರ ಆಡುವವರಾಗಿರಬಹುದು. ಆ ಭಾಷೆಯ ದುಭಾಷಿ ತಂಡದಲ್ಲಿ ಇರಬೇಕು. ಇಲ್ಲದಿದ್ದರೆ ಕೊಳವೆ ಶುಚಿ ಮಾಡುವುದನ್ನು ಯಾರಿಗೆ, ಹೇಗೆ ಹೇಳಿಕೊಡುತ್ತಾರೆ?

ವಾಪಸ್ ಬಂದ ಮೇಲೆ ಅವಳು ಮಾಡಬಹುದಾದ ಅತಿ ಉಪಯೋಗದ ಕೆಲಸ ಒಂದಿದೆ. ಆ ಊರಿನ ಮೇಸ್ತ್ರಿ ಎರಡನೇ ವರ್ಷ, ಮೂರನೇ ವರ್ಷ ಪ್ರತಿ ಮನೆಗೂ ಹೋಗಿ ಬರಲು ಬೇಕಾದ ಕೂಲಿ, ಬಸ್ ಚಾರ್ಜು, ಕೊಳವೆಯ ತಗಡು, ಇಷ್ಟಕ್ಕೆ ಹಣ ಕೂಡಿಸುವುದು. ಹೊಸ ಒಲೆಗೆ ಕೊಡುವವರು ಸಿಗುತ್ತಾರೆ, ಹಳೆ ಒಲೆಯ ರಿಪೇರಿಗೆ ಕೊಡುವವರು ಸಿಗುವುದಿಲ್ಲ. ನಿಮ್ಮೂರಿನ ಕನ್ನಡ ಕೂಟದಲ್ಲಿ ಮಾತಾಡಲಿ. ಸೌದೆ ಒಲೆಯ ಹೊಗೆ ಕಂಡವರು ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಕಾಲೇಜು ಅರ್ಜಿಯಲ್ಲಿ ಬರೆಯಲು ಚೆನ್ನಾಗಿರುತ್ತೆ ಅನ್ನುವ ಆಸೆ ಇದ್ದರೆ ಅದೇನೂ ತಪ್ಪಲ್ಲ. ಬರೆದರೆ ಈ ಎರಡನೇ ವರ್ಷದ ಕೆಲಸವನ್ನು ಬರೆಯಲಿ.

ಆಯೋಜಕರಿಂದ ಸರಿಯಾದ ಉತ್ತರ ಬರಲಿಲ್ಲ ಅಂದುಕೊಳ್ಳಿ. ಆಗಲೂ ಮಗಳಿಗೆ ಬರೀ 'ಬೇಡ' ಅನ್ನಬೇಡಿ, ಬೇರೆ ದಾರಿ ಕೊಡಿ. ಗ್ವಾಟೆಮಾಲಾದ ಆಂತಿಗುವಾ, ಕೆತ್ಸಾಲ್ತೆನಾಂಗೊ ಊರುಗಳಲ್ಲಿ ಸ್ಪ್ಯಾನಿಷ್ ಕಲಿಸುವ ಶಾಲೆಗಳು ಬಹಳ ಇವೆ. ಕಲಿಯಲು ಬಂದವರು ಅಲ್ಲಿನ ಕುಟುಂಬದ ಮನೆಯಲ್ಲೇ ಇರುತ್ತಾರೆ, ಊಟ ವಸತಿಗೆ ಆ ಮನೆಗೆ ಹಣ ಸಲ್ಲುತ್ತೆ, ಪಾಠ ಹೇಳುವ ಶಿಕ್ಷಕರಿಗೆ ಸಂಬಳ ಸಿಗುತ್ತೆ. ಒಲೆ ಕಟ್ಟಿದೆ ಅಂತ ಹೇಳಿಕೊಳ್ಳಲು ಆಗುವುದಿಲ್ಲ ನಿಜ. ಆದರೆ ಒಂದು ಮನೆಯ ಅಡುಗೆಮನೆಯಲ್ಲಿ ದಿನಾ ಕೂತು ಮಾತು ಕಲಿಯುತ್ತಾಳೆ. ಅವಳಿಗೆ ಇನ್ನೂ 18 ತುಂಬಿಲ್ಲ, ಆದ್ದರಿಂದ ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ, ಇಲ್ಲವೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಆಯೋಜಕರಿಗೆ ಮಾತ್ರ ಮುಂಗಡ ಕಟ್ಟುವ ಮೊದಲೇ ಪತ್ರ ಬರೆಯಿರಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.